ಹಿಂದಿನ ಸೀಟಿನ ಮೂಲೆ

ಇನ್ನೂ ತಯಾರಾಗದ ಆ ಗಾಡಿಯ ಬಗ್ಗೆ ಆ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಅದನ್ನು ಕಣ್ಣಾರೆ ಕಂಡಿದ್ದವಳು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಅವಳು ಆ ಮನೆಯ ಸೊಸೆ. ಊರಾಚೆಯ ಕಾರು ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುವುದು ಅವಳ ಕೆಲಸ. ಆರು ತಿಂಗಳಿಂದ ಅವಳನ್ನೂ ಇನ್ನು ಏಳು ಹೆಂಗಸರನ್ನೂ ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದ ಬೇರೊಂದು ಕೋಣೆಗೆ ಹಾಕಿದ್ದರು. ಹೊಸ ಗಾಡಿಯ ಮಾದರಿ ಸೀಟುಗಳು ಅಲ್ಲಿ ತಯಾರಾಗುತ್ತಿದ್ದವು. ಗೇಟಿನಲ್ಲಿ ಕಾವಲುಗಾರ ಫೋನಿನ ಕ್ಯಾಮೆರಾದ ಮೇಲೆ ಸ್ಟಿಕ್ಕರ್ ಅಂಟಿಸಿ, ಚೀಲ ತಡಕಿ, ಆಮೇಲೆ ಒಳಗೆ ಬಿಡುತ್ತಿದ್ದ. ಹೋಗುವಾಗಲೂ ಅಷ್ಟೇ. ಊಟದ ಡಬ್ಬಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಇನ್ನೊಬ್ಬರ ಊಟಕ್ಕೆ ಕೈ ಹಾಕುವುದು ಅವನಿಗೆ ಸರಿಬರುತ್ತಿರಲಿಲ್ಲ. ಒಂದು ಎಳೆ ದಾರವೂ ಹೊರಗೆ ಹೋಗಬಾರದು, ಹೋದರೆ ಕೆಲಸ ಹೋಯಿತೆಂದೇ ಲೆಕ್ಕ ಎಂದು ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದರು.

ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಹನ್ನೆರಡು ವರ್ಷದ ಮಗಳು ಫೋನಿನಲ್ಲಿ ಅದರ ಸುದ್ದಿಯನ್ನೆಲ್ಲ ಗುಡ್ಡೆ ಹಾಕಿಕೊಂಡಿದ್ದಳು.

"ತಾತ, ಇದು ಬರೀ ಬ್ಯಾಟರಿ ಎಸ್‌ಯುವಿ ಅಲ್ವಂತೆ. ಒಳಗೆ ಒಂದು ಚಿಕ್ಕ ಪೆಟ್ರೋಲ್ ಎಂಜಿನ್ನೂ ಇರುತ್ತಂತೆ."

"ಎರಡಿದ್ರೆ ಓಡ್ಸೋದು ಯಾವುದು?" ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮಾವನಿಗೆ ಇಂಥ ವಿಷಯದಲ್ಲಿ ಸುಲಭಕ್ಕೆ ಒಪ್ಪಿ ಅಭ್ಯಾಸವಿರಲಿಲ್ಲ.

"ಓಡ್ಸೋದು ಬ್ಯಾಟರೀನೇ. ಚಾರ್ಜ್ ಕಮ್ಮಿ ಆದಾಗ ಎಂಜಿನ್ ಅದನ್ನ ತುಂಬ್ಸುತ್ತೆ, ಅಷ್ಟೇ. ಚಕ್ರಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ."

"ಹಾಗಾದ್ರೆ ನಿಮ್ಮಜ್ಜಿ ಇದ್ದ ಹಾಗೆ. ಒಳಗೆ ಕೂತ್ಕೊಂಡು ಗುರುಗುರು ಅಂತಿರುತ್ತೆ, ಮನೆ ಓಡುತ್ತೆ."

"ನಿಮ್ಮ ತಾತ ಸ್ಟೆಪ್ನಿ ಕಣೇ," ಅಂದಳು ಅತ್ತೆ, ಆಲೂಗಡ್ಡೆ ಪಲ್ಯ ಬಡಿಸುತ್ತ. "ಯಾವಾಗ್ಲೂ ಹಿಂದೆ ಮಲಗಿರುತ್ತೆ."

ಲಿಫ್ಟ್ ರಿಪೇರಿ ಮಾಡುವ ಗಂಡ ನಗುತ್ತ ಹೆಂಡತಿಯ ಕಡೆ ತಿರುಗಿದ. "ಒಂದು ಸಲ ತುಂಬಿಸಿದ್ರೆ ಸಾವಿರ ಕಿಲೋಮೀಟರ್ ಹೋಗುತ್ತಂತಲ್ಲ, ಹೌದೇನೇ?"

"ನಂಗೊತ್ತಿಲ್ಲ. ಅನ್ನ ಹಾಕ್ಲಾ?"

ಇದು ಆ ಮನೆಯ ದಿನನಿತ್ಯದ ತಮಾಷೆಯಾಗಿತ್ತು. ಬಣ್ಣ ಯಾವುದು ಎಂದರೂ ಅನ್ನ ಹಾಕ್ಲಾ, ಬೆಲೆ ಎಷ್ಟು ಎಂದರೂ ಅನ್ನ ಹಾಕ್ಲಾ.

ಅತ್ತೆಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಕಬ್ಬಿಣದ ಮೆಷಿನ್ ಇಟ್ಟುಕೊಂಡು ಮೂವತ್ತೈದು ವರ್ಷ ಹೊಲಿದವಳು. ನಾಲ್ಕು ವರ್ಷದಿಂದ ಕೈ ನಡುಗುತ್ತಿತ್ತು, ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಮೆಷಿನ್ನಿಗೆ ಹಳೇ ಹೊದಿಕೆ ಮುಚ್ಚಿ, ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಪೇರಿಸಿಡುತ್ತಿದ್ದರು. ಸೊಸೆ ಮದುವೆಯಾಗಿ ಬಂದಾಗ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಹೊಲಿಗೆ ಕಲಿಸಿದ್ದು ಅತ್ತೆ. ಕಾರ್ಖಾನೆಯ ಕೆಲಸ ಸಿಕ್ಕಿದ್ದು ಆ ಕೈಗುಣದಿಂದಲೇ.

ಹೊಸ ಗಾಡಿಯಲ್ಲಿ ತೊಂದರೆ ಕೊಡುತ್ತಿದ್ದುದು ಹಿಂದಿನ ಸೀಟಿನ ಮೂಲೆ. ಸೀಟಿನ ಮೇಲ್ಭಾಗವೂ ಪಕ್ಕದ ಪಟ್ಟಿಯೂ ಅಲ್ಲಿ ದುಂಡಗೆ ತಿರುಗಿ ಕೂಡಬೇಕಿತ್ತು. ಎಷ್ಟು ಸಲ ಹೊಲಿದರೂ ಅಲ್ಲೊಂದು ಸುಕ್ಕು ಏಳುತ್ತಿತ್ತು. ಬಟ್ಟೆಯ ಒಳಮೈಗೆ ತೆಳು ಫೋಮ್ ಬೇರೆ ಅಂಟಿಸಿದ್ದರಿಂದ, ಎದ್ದ ಸುಕ್ಕು ಇಸ್ತ್ರಿಗೂ ಬಗ್ಗುತ್ತಿರಲಿಲ್ಲ. ಎಂಟು ಹೆಂಗಸರೂ ಒಬ್ಬರಾದ ಮೇಲೆ ಒಬ್ಬರು ಹೊಲಿದು ಸೋತರು.

"ಇನ್ನು ಮೂರು ವಾರಕ್ಕೆ ಕೆಲಸದವರ ಮನೆಯವರನ್ನೆಲ್ಲ ಕರೆದು ಗಾಡಿ ತೋರಿಸ್ತಾರೆ," ಅಂದ ಸೂಪರ್‌ವೈಸರ್. "ಅದಾದ ಮೇಲೆ ಗಾಡಿ ತಯಾರಿಸೋ ಲೈನ್ ಶುರು. ಈ ಮೂಲೆ ಹೀಗೇ ಇದ್ರೆ ಸೀಟಿನ ಕೆಲಸ ಹೊರಗಿನವರಿಗೆ ಹೋಗುತ್ತೆ. ನೀವೆಲ್ಲ ಎಲ್ಲಿಗೆ ಹೋಗ್ತೀರೋ ನಂಗೊತ್ತಿಲ್ಲ."

ಶುಕ್ರವಾರ ಎಲ್ಲರೂ ಕೈ ತೊಳೆಯಲು ಹೋದಾಗ ಅವಳು ಮೇಜಿನ ಮೇಲಿದ್ದ ಒಂದು ಜೊತೆ ತುಂಡುಗಳನ್ನು, ಮೇಲ್ಭಾಗವನ್ನೂ ಪಟ್ಟಿಯನ್ನೂ, ಸುತ್ತಿ ಊಟದ ಡಬ್ಬಿಯ ಕೆಳಗಿನ ಬಟ್ಟಲಿಗೆ ತುರುಕಿದಳು. ಅದು ಎಂಟನೇ ಜೊತೆ. ಬಟ್ಟೆ ಕತ್ತರಿಸುವ ಹಿರಿಯ ಕೆಲಸಗಾರ, ಎಲ್ಲರೂ ಯಜಮಾನರು ಎಂದು ಕರೆಯುತ್ತಿದ್ದವರು, ಪ್ರತಿ ತುಂಡಿನ ಹಿಂಬದಿಗೂ ಬಿಳಿ ಪೆನ್ಸಿಲಿನಲ್ಲಿ ಅಂಕಿ ಬರೆಯುತ್ತಿದ್ದರು. ಅವರ ಎಂಟು ಎಂದರೆ ಒಂದರ ಮೇಲೊಂದು ಕೂರಿಸಿದ ಎರಡು ಸೊನ್ನೆ. ಗೇಟಿನಲ್ಲಿ ಕಾವಲುಗಾರ ಚೀಲ ನೋಡಿ, "ಆಯ್ತು, ಹೊರಡಿ" ಅಂದ. ಬಸ್ಸಿನಲ್ಲಿ ಅವಳು ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ.

ಮನೆಯಲ್ಲಿ ಅತ್ತೆ ಒಬ್ಬಳೇ ಇದ್ದಳು. ಮಾವ ತಿರುಗಾಡಲು ಹೋಗಿದ್ದ, ಮಗಳು ಪಾಠಕ್ಕೆ.

"ಇದೇನೇ ಇದು, ಡಬ್ಬೀಲಿ ಬಟ್ಟೆ?"

"ಅತ್ತೆ, ಬೇಗ ನೋಡಿ. ಯಾರಿಗೂ ಹೇಳ್ಬಾರ್ದು. ಇವರಿಗೂ ಹೇಳ್ಬಾರ್ದು, ಇವರ ಬಾಯಲ್ಲಿ ಏನೂ ನಿಲ್ಲಲ್ಲ. ಈ ಮೂಲೆ ಸುಕ್ಕಾಗ್ತಾ ಇದೆ."

ಅತ್ತೆ ಕೈ ಒರೆಸಿಕೊಂಡು ತುಂಡುಗಳನ್ನು ತೆಗೆದುಕೊಂಡಳು. ಕಣ್ಣಿಗೆ ಹತ್ತಿರ ಹಿಡಿಯಲಿಲ್ಲ. ಬೆರಳಲ್ಲಿ ಸವರಿದಳು, ಅಂಚು ಎಳೆದು ನೋಡಿದಳು, ಮೂಸಿ ನೋಡಿ "ಈರುಳ್ಳಿ ವಾಸನೆ" ಅಂದಳು. ಆಮೇಲೆ ಕೇಳಿದಳು, "ಎಲ್ಲಿಂದ ಶುರು ಮಾಡ್ತೀರಿ?"

"ತುದಿಯಿಂದ. ಎಲ್ಲಾ ಹೊಲಿಗೇನೂ ತುದಿಯಿಂದ್ಲೇ ಅಲ್ವಾ?"

"ಅದಕ್ಕೇ. ಆ ತುದಿಯಿಂದ ತಳ್ಕೊಂಡು ಬಂದ ಹೆಚ್ಚಿನ ಬಟ್ಟೆಯೆಲ್ಲ ಮೂಲೇಲಿ ಬಂದು ಕೂತ್ಕೊಳ್ಳುತ್ತೆ. ಶಾಲೆ ಹುಡುಗೀರ ದುಂಡು ಕಾಲರ್ ನಾನು ಎಷ್ಟು ಹೊಲಿದಿಲ್ಲ. ಮೂಲೆಯಿಂದ್ಲೇ ಶುರು ಮಾಡ್ಬೇಕು. ಮೊದಲು ಈ ಕಡೆಗೆ ಹೋಗು, ವಾಪಸ್ ಬಾ, ಆಮೇಲೆ ಆ ಕಡೆಗೆ. ಅದಕ್ಕೂ ಮುಂಚೆ ಪಟ್ಟಿ ಅಂಚಿಗೆ ಅಲ್ಲಲ್ಲಿ ಸಣ್ಣ ಸಣ್ಣ ಕತ್ತರಿ ಕೊಡ್ಬೇಕು, ಆಗ ಅದು ಬಾಗುತ್ತೆ. ತಾ ಇಲ್ಲಿ."

ಇಸ್ತ್ರಿ ಬಟ್ಟೆಗಳನ್ನು ಮಂಚಕ್ಕೆ ಸಾಗಿಸಿದರು. ದಾರ ಪೋಣಿಸಿದ್ದು ಸೊಸೆ, ತುಳಿದದ್ದೂ ಸೊಸೆಯೇ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ನಡುಗದಂತೆ ಮಣಿಕಟ್ಟನ್ನು ಮೆಷಿನ್ನಿನ ಹಲಗೆಗೆ ಊರಿ, ಹೆಬ್ಬೆರಳ ಉಗುರಿನ ಅಗಲಕ್ಕೆ ಒಂದೊಂದು ಎಂಬಂತೆ ಪಟ್ಟಿಯ ಅಂಚಿಗೆ ಒಂಬತ್ತು ಸಣ್ಣ ಕತ್ತರಿ ಕೊಟ್ಟಳು. ಆಮೇಲೆ ಎರಡು ಬೆರಳು ಬಟ್ಟೆಯ ಮೇಲಿಟ್ಟು ತಿರುಗಿಸುತ್ತ ಹೋದಳು. "ನಿಧಾನ. ಈಗ ಬಿಡು. ಎಳೀಬೇಡ, ಅದೇ ಬರುತ್ತೆ."

ಮಗುಚಿ ನೋಡಿದರೆ ಸುಕ್ಕೇ ಇರಲಿಲ್ಲ. ಸೊಸೆ ಆ ಮೂಲೆಯನ್ನು ಮತ್ತೆ ಮತ್ತೆ ಸವರಿದಳು. ಅತ್ತೆ ಕುರ್ಚಿಗೆ ಒರಗಿ, "ಗಾಡಿ ಬಂದ ಮೇಲೆ ಒಂದು ಸಲ ಅಲ್ಲಿ ಕೂತ್ಕೊಂಡು ನೋಡ್ಬೇಕು ಕಣೇ" ಅಂದಳು. ಅವಳ ಮುಖದಲ್ಲಿ ಅಷ್ಟು ಖುಷಿ ಕಂಡು ಬಹಳ ದಿನವಾಗಿತ್ತು.

ಹೊಲಿದು ಕತ್ತರಿ ಕೊಟ್ಟ ಜೊತೆಯನ್ನು ಹಾಗೇ ವಾಪಸ್ ಮೇಜಿನ ಮೇಲಿಡುವಂತಿರಲಿಲ್ಲ. ಸೋಮವಾರ ಅದನ್ನು ಡಬ್ಬಿಯಲ್ಲೇ ಒಳಗೆ ಒಯ್ದು, ಅಲ್ಲೇ ಕೂತು ಹೊಲಿದದ್ದೆಂದು ತೋರಿಸಿಬಿಡುವುದೆಂದು ಅವಳು ಲೆಕ್ಕ ಹಾಕಿಕೊಂಡಳು.

ಶನಿವಾರ ಬೆಳಗ್ಗೆ ಮಗಳು ಬ್ರೆಡ್ಡು ತಿನ್ನುತ್ತಲೇ ಫೋನ್ ಮುಂದೆ ಹಿಡಿದಳು. "ಅಮ್ಮ, ನೋಡು. ಯಾರೋ ಒಳಗಿನ ಫೋಟೋ ಹಾಕಿಬಿಟ್ಟಿದಾರೆ. ಸ್ಟಿಯರಿಂಗು, ದೊಡ್ಡ ಪರದೆ, ಎಲ್ಲಾ ಕಾಣುತ್ತೆ."

ಅದು ಹೊಲಿಗೆ ಕೋಣೆಯ ಫೋಟೋ ಅಲ್ಲ. ಆದರೆ ರಜೆಯ ದಿನವಾದರೂ ಎಲ್ಲರನ್ನೂ ಕಾರ್ಖಾನೆಗೆ ಕರೆಸಿ, ಎಲ್ಲ ಕೋಣೆಗಳಲ್ಲೂ ಎಣಿಕೆ ಶುರು ಮಾಡಿದರು. ಹೊಲಿಗೆ ಕೋಣೆಯಲ್ಲಿ ಯಜಮಾನರ ಪುಸ್ತಕ ತೆಗೆದರು. ಹಿಂದಿನ ಸೀಟಿನ ಮೂಲೆ, ಎಂಟು ಜೊತೆ ಎಂದಿತ್ತು. ಮೇಜಿನ ಮೇಲೆ ಏಳಿದ್ದವು.

"ಎಂಟನೇದು ಎಲ್ಲಿ?" ಅಂದ ಸೂಪರ್‌ವೈಸರ್.

ಅವಳು ತನ್ನ ಮೆಷಿನ್ನಿನ ಸೂಜಿಯನ್ನೇ ನೋಡುತ್ತ ಕೂತಳು. ಯಜಮಾನರು ಏಳನ್ನೂ ಎರಡು ಸಲ ಎಣಿಸಿದರು. ಕನ್ನಡಕ ತೆಗೆದು, ಅಂಗಿಯಲ್ಲಿ ಒರೆಸಿ, ಮತ್ತೆ ಎಣಿಸಿದರು. ಇಪ್ಪತ್ತಾರು ವರ್ಷದಲ್ಲಿ ಅವರ ಪುಸ್ತಕ ತಪ್ಪಿದ್ದಿಲ್ಲ ಎನ್ನುವುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು.

"ನಾನೇ ಏಳು ಕತ್ತರಿಸಿ ಎಂಟು ಅಂತ ಬರೆದಿರ್ಬೇಕು ಸರ್," ಅಂದರು ಕೊನೆಗೆ. "ಕತ್ತರಿಸಿದ ನೆನಪೇನೋ ಇದೆ. ಆದ್ರೆ ಇಲ್ವಲ್ಲ. ವಯಸ್ಸಾಯ್ತು ಅನ್ಸುತ್ತೆ."

ಈಗ ಹೇಳಬೇಕು, ಈಗ ಹೇಳಬೇಕು ಎಂದುಕೊಳ್ಳುವಷ್ಟರಲ್ಲಿ ಯಜಮಾನರು ಕತ್ತರಿಗೆ ಬಟ್ಟೆ ಸುತ್ತುತ್ತಿದ್ದರು. ಸೋಮವಾರದಿಂದ ಅವರನ್ನು ಪ್ಯಾಕಿಂಗ್ ಶೆಡ್ಡಿಗೆ ಹಾಕಿದರು, ಪೆಟ್ಟಿಗೆಗೆ ಟೇಪು ಅಂಟಿಸುವ ಕೆಲಸಕ್ಕೆ.

ಮನೆಗೆ ಬಂದವಳು ಅತ್ತೆಗೆ ಅದೊಂದನ್ನೂ ಹೇಳಲಿಲ್ಲ. "ಆ ತುಂಡು ಸುಟ್ಟುಬಿಡಿ ಅತ್ತೆ. ತಪಾಸಣೆ ಜಾಸ್ತಿಯಾಗಿದೆ" ಅಂದಳು. ಅತ್ತೆ ಮೆಷಿನ್ನಿನ ಕಡೆ ನೋಡಿ "ಆಯ್ತು" ಅಂದಳು.

ಸೋಮವಾರ ಅವಳು ಕಾರ್ಖಾನೆಯಲ್ಲಿ ಪಟ್ಟಿಗೆ ಒಂಬತ್ತು ಕತ್ತರಿ ಕೊಟ್ಟು ಮೂಲೆಯಿಂದ ಹೊಲಿದಳು. ಸೂಪರ್‌ವೈಸರ್ ಬೆರಳಾಡಿಸಿ ನೋಡಿದವನು ಓಡಿಹೋಗಿ ಎಂಜಿನಿಯರನ್ನು ಕರೆತಂದ. ಎಂಜಿನಿಯರ್ ಇನ್ನಿಬ್ಬರನ್ನು ಕರೆತಂದ.

"ಹೇಗೆ ಹೊಳೀತಮ್ಮ ನಿಂಗೆ?"

"ಹಾಗೇ ಯೋಚನೆ ಮಾಡ್ತಾ ಮಾಡ್ತಾ, ಸರ್."

ಅಂದಿನಿಂದ ಅವಳಿಗೆ ಮೂಲೆಯಕ್ಕ ಎಂದು ಹೆಸರು ಬಿತ್ತು. ಲೈನ್ ಶುರುವಾದ ಮೇಲೆ ನಲವತ್ತು ಜನ ಹೊಸ ಹೆಂಗಸರಿಗೆ ಅವಳೇ ಕಲಿಸಬೇಕೆಂದಾಯಿತು. ಕಾರ್ಖಾನೆಯ ಸುದ್ದಿಹಾಳೆಯಲ್ಲಿ ಅವಳ ಫೋಟೋ ಬಂತು. ಗೇಟಿನ ಕಾವಲುಗಾರ ಕೂಡ "ಬನ್ನಿ ಮೂಲೆಯಕ್ಕ" ಎನ್ನತೊಡಗಿದ. ಹಾಗೆ ಕರೆದಾಗಲೆಲ್ಲ ಅವಳಿಗೆ ಯಾರೋ ಹಿಂದಿನಿಂದ ಕತ್ತು ಹಿಡಿದಂತಾಗುತ್ತಿತ್ತು.

ಆದರೂ ಮನೆಯಲ್ಲಿ ಸತ್ಯ ಹೇಳಬಹುದಿತ್ತು. ಬಟ್ಟೆ ತಂದ ವಿಷಯ ಬಿಟ್ಟು, ಉಪಾಯ ಅತ್ತೆಯದು ಎಂದಷ್ಟೇ ಹೇಳಿದ್ದರೆ ಯಾರ ಗಂಟೇನೂ ಹೋಗುತ್ತಿರಲಿಲ್ಲ. ಫೋಟೋ ಬಂದ ದಿನ ಸಂಜೆ ಗಂಡ ಸಿಹಿ ತಂದ, ಮಾವ ಸುದ್ದಿಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಎಲ್ಲರೂ ಹೇಗಾಯಿತು, ಹೇಗಾಯಿತು ಎಂದು ಕೇಳಿದರು.

"ಬಸ್ಸಲ್ಲಿ ಬರ್ತಾ ಕಿಟಕಿ ಹೊರಗೆ ನೋಡ್ತಾ ಇದ್ದೆ," ಅಂದಳು ಅವಳು. "ಎದುರಿಗೆ ಒಂದು ಹುಡುಗಿ ದುಂಡು ಕಾಲರ್ ಹಾಕ್ಕೊಂಡು ನಿಂತಿತ್ತು. ತಟ್ಟಂತ ಹೊಳೀತು."

ದುಂಡು ಕಾಲರನ್ನೂ ಬಿಡದೆ ಕದ್ದಿದ್ದಳು. ಅತ್ತೆ ಅನ್ನದ ಪಾತ್ರೆ ಹಿಡಿದು ನಿಂತಿದ್ದಳು. ಸಾಕು ಎಂದು ಕೈ ಅಡ್ಡ ಹಿಡಿದರೂ ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ ಒಳಗೆ ಹೋದಳು.

ಆಮೇಲಿನ ಎರಡು ವಾರ ಮನೆಯಲ್ಲಿ ಎಲ್ಲದಕ್ಕೂ ಜಗಳ. ಉಪ್ಪು ಹೆಚ್ಚಾಯಿತೆಂದು, ಬಕೆಟ್ ದಾರಿಗಡ್ಡ ಇದೆಯೆಂದು. ಅತ್ತೆ ಮೆಷಿನ್ನಿನ ಮೇಲೆ ಬಟ್ಟೆ ಇಡಲು ಬಿಡಲಿಲ್ಲ.

"ಮತ್ತೆ ಎಲ್ಲಿಡೋದಮ್ಮ?" ಅಂದ ಗಂಡ, ಅಂಗಿಗಳ ರಾಶಿ ಹಿಡಿದುಕೊಂಡು.

"ನನ್ನ ತಲೆ ಮೇಲಿಡು."

"ಏನಾಗಿದೆ ನಿಮ್ಗೆ? ಸೊಸೆಗೆ ನಾಲ್ಕು ಜನ ಭೇಷ್ ಅಂದ್ರೆ ಹೊಟ್ಟೆ ಉರೀತಿದ್ಯಾ?"

"ಸುಮ್ನಿರೋ," ಅಂದ ಮಾವ. ಸೊಸೆ ಪಾತ್ರೆ ಉಜ್ಜುತ್ತಿದ್ದವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು, ಕೇಳಿಸಲಿಲ್ಲ ಎನ್ನುವ ಹಾಗೆ.

ಮಗಳು ಶಾಲೆಯಲ್ಲಿ 'ನಮ್ಮ ಮನೆಯ ಹೆಮ್ಮೆ' ಎಂದು ಪ್ರಬಂಧ ಬರೆದಿದ್ದಳು. ಊಟಕ್ಕೆ ಮೊದಲು ಎದ್ದು ನಿಂತು ಓದಿದಳು. ಬಸ್ಸಿನ ಕಿಟಕಿ ಬಂತು, ದುಂಡು ಕಾಲರಿನ ಹುಡುಗಿ ಬಂದಳು, ಕೊನೆಗೆ "ಈ ಗಾಡಿ ಸಾವಿರ ಕಿಲೋಮೀಟರ್ ಓಡುವಾಗ ನಮ್ಮ ಅಮ್ಮನ ಬುದ್ಧಿಯೂ ಅದರೊಂದಿಗೆ ಓಡುತ್ತದೆ" ಎಂದು ಮುಗಿಸಿದಳು. "ಟೀಚರ್ ಇದನ್ನ ಗೋಡೆಗೆ ಹಾಕ್ತಾರಂತೆ. ಅಜ್ಜಿ, ಹೇಗಿದೆ?"

"ಚೆನ್ನಾಗಿದೆ ಮರಿ," ಅಂದಳು ಅತ್ತೆ.

ಅಡುಗೆಮನೆಯಲ್ಲಿ ಇಬ್ಬರೇ ಆದಾಗ ಅತ್ತೆ ದನಿ ಏರಿಸದೆ ಹೇಳಿದಳು. "ಬಟ್ಟೆ ತಂದಿದ್ದನ್ನ ಮುಚ್ಚಿಡು ಅಂದ್ಯಲ್ಲ, ಮುಚ್ಚಿಟ್ಟೆ. ನನ್ನನ್ನೂ ಮುಚ್ಚಿಟ್ಟುಬಿಟ್ಟೆಯಲ್ಲೇ."

"ಹೇಳಿದ್ರೆ ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ರು ಅತ್ತೆ."

"ಅಲ್ಲಿ ಕೇಳ್ತಾರೆ. ಇಲ್ಲಿ ಯಾರು ಕೇಳ್ತಾರೆ? ನನ್ನ ಮಗ ಕೇಳ್ತಾನಾ? ನಿನ್ನ ಮಗಳು?"

ಇದ್ದ ಉತ್ತರ ಹೇಳುವಂಥದ್ದಾಗಿರಲಿಲ್ಲ. ಹದಿನಾಲ್ಕು ವರ್ಷ ಟೈಲರಮ್ಮನ ಸೊಸೆ ಎನಿಸಿಕೊಂಡವಳಿಗೆ ಒಂದು ಸಲವಾದರೂ ತನ್ನದೇ ಹೆಸರು ಬೇಕೆನಿಸಿತ್ತು, ಅಷ್ಟೇ.

ಮನೆಯವರನ್ನು ಕರೆದ ದಿನ ಬಂತು. ಕಾರ್ಖಾನೆಯ ದೊಡ್ಡ ಹಾಲಿನಲ್ಲಿ ಮುಸುಕು ತೆಗೆದಾಗ ಮಕ್ಕಳೆಲ್ಲ ಓ ಎಂದರು. ಮಾವ ಸರದಿಯಲ್ಲಿ ನಿಂತು ಚಾಲಕನ ಸೀಟಿಗೆ ಹತ್ತಿ, ಮೊದಲು ಕನ್ನಡಿ ಸರಿಮಾಡಿಕೊಂಡ. "ಶಬ್ದಾನೇ ಇಲ್ವಲ್ಲ, ಇದನ್ನ ಓಡಿಸ್ತಾ ನಿದ್ದೆ ಬಂದ್ರೆ ಎಬ್ಬಿಸೋರು ಯಾರು" ಎಂದು ಕೇಳಿ ಸುತ್ತಲಿನವರನ್ನು ನಗಿಸಿದ. ಅತ್ತೆ ನೇರ ಹಿಂದಿನ ಸೀಟಿಗೆ ಹೋದಳು. ಮೂಲೆಗೆ ಸರಿದು ಕೂತು, ಪಕ್ಕಕ್ಕೆ ಕೈ ಇಳಿಬಿಟ್ಟು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆ ಬೆರಳು ನಡುಗುವುದನ್ನು ಬಾಗಿಲಲ್ಲಿ ನಿಂತಿದ್ದ ಸೊಸೆ ನೋಡಲಾರದೆ ನೋಡಿದಳು.

"ನಿಮ್ಮ ಸೊಸೇದು ಅಮ್ಮ, ಅದು," ಅಂದ ಸೂಪರ್‌ವೈಸರ್ ಬಗ್ಗಿ. "ಎಂಥಾ ತಲೆ ಅಂತೀರಿ."

"ಹೂಂ," ಅಂದಳು ಅತ್ತೆ.

ಗಾಡಿಯಿಂದ ಇಳಿದು ನಿಂತಾಗ ಎದುರಿಗೆ ಯಜಮಾನರು ಬಂದರು. ಹೆಂಡತಿ ಅವರ ಮೊಣಕೈ ಹಿಡಿದುಕೊಂಡಿದ್ದಳು. ಮೂರೇ ಮೂರು ಮೆಟ್ಟಿಲನ್ನು ಅವರು ಒಂದೊಂದಾಗಿ ತಡವಿ ಇಳಿದರು.

"ಒಳ್ಳೇ ಕೆಲಸ ಮಾಡಿದೆಯಮ್ಮ," ಅಂದರು ಅವಳಿಗೆ. ಅತ್ತೆಯ ಕಡೆ ತಿರುಗಿ, "ನಾನೂ ಅದೇ ಕೋಣೇಲಿದ್ದೆ. ಲೆಕ್ಕ ತಪ್ಪಿತು. ಏಳು ಕತ್ತರಿಸಿ ಎಂಟು ಅಂತ ಬರೆದುಬಿಟ್ಟೆ. ಕಣ್ಣೋ ತಲೆಯೋ, ಏನೋ ಕೈ ಕೊಡ್ತಾ ಇದೆ."

"ಈಗ ಒಲೆ ಆರಿಸಿದೀನಾ ಅಂತ ಮೂರು ಮೂರು ಸಲ ನನ್ನ ಕೇಳ್ತಾರೆ," ಅಂದಳು ಹೆಂಡತಿ. "ಸೈಕಲ್ ಯಾರಿಗೋ ಕೊಟ್ಟುಬಿಟ್ರು. ಒಬ್ರೇ ರಸ್ತೆ ದಾಟಲ್ಲ. ಹೋದ ತಿಂಗಳವರೆಗೂ ಸರಿಯಾಗೇ ಇದ್ರು."

"ಯಾವಾಗ ಆಗಿದ್ದು ಇದು?" ಅಂದಳು ಅತ್ತೆ.

"ಆ ಫೋಟೋ ಹೊರಗೆ ಬಿತ್ತಲ್ಲ, ಆ ಶನಿವಾರ."

ಅತ್ತೆ ತಿರುಗಿ ಸೊಸೆಯನ್ನು ನೋಡಿದಳು. ಸೊಸೆ ನೆಲ ನೋಡಿದಳು.

ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತ ಮೇಲೆ ಅತ್ತೆ ಮುಂದಿನ ಕೋಣೆಗೆ ಹೋಗಿ ಮೆಷಿನ್ನಿನ ಡ್ರಾಯರ್ ಎಳೆದಳು. ಬೂದು ನೀಲಿ ಬಣ್ಣದ ಹೊಲಿದ ತುಂಡನ್ನು ತಂದು ಸೊಸೆಯ ತಟ್ಟೆಯ ಪಕ್ಕದಲ್ಲಿಟ್ಟಳು.

"ಸುಡು ಅಂದಿದ್ದೆ ನೀನು. ಕೈ ಬರ್ಲಿಲ್ಲ. ನನ್ನ ಕೊನೇ ಹೊಲಿಗೆ ಅಂತ ಇಟ್ಕೊಂಡಿದ್ದೆ. ನಂದೂ ತಪ್ಪೇ. ಈಗ ನೀನು ಹೇಳು, ಎಲ್ಲರ ಮುಂದೆ."

ಅವಳು ಹೇಳಿದಳು. ಡಬ್ಬಿ, ಕತ್ತರಿ, ಎಣಿಕೆ, ಯಜಮಾನರು, ಎಲ್ಲ. ಹೇಳುವಾಗ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಮಾವ ಈ ಸಲ ತಮಾಷೆ ಮಾಡಲಿಲ್ಲ. ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿನಿಂದ ಸುದ್ದಿಹಾಳೆಯನ್ನು ಹರಿಯದಂತೆ ಬಿಡಿಸಿ, ಮಡಚಿ ಮೇಲಿಟ್ಟ.

"ಆಗಿದ್ದು ಆಯ್ತು," ಅಂದ ಗಂಡ. "ಈಗ ಹೇಳಿ ಏನು ಸಿಗುತ್ತೆ? ಕೆಲಸ ಹೋಗುತ್ತೆ. ಯಜಮಾನ್ರು ಹೇಗೂ ಮುಂದಿನ ವರ್ಷ ನಿವೃತ್ತಿ."

"ನಿವೃತ್ತಿ ಆಗ್ಲಿ ಕಣೋ. ತಲೆ ಕೆಟ್ಟಿದೆ ಅಂದ್ಕೊಂಡು ಯಾಕೆ ಆಗ್ಬೇಕು?" ಅತ್ತೆಯ ದನಿ ಗಟ್ಟಿಯಾಯಿತು. "ನನ್ನ ಕೈ ನಿಜವಾಗ್ಲೂ ನಡುಗುತ್ತೆ, ನಂಗೊತ್ತು ಅದೇನು ಅಂತ. ಆ ಮನುಷ್ಯನಿಗೆ ಏನೂ ಆಗಿಲ್ಲ. ನನ್ನ ಹೆಸರು ಬಿಡು, ಅದು ಹಾಳಾಗ್ಲಿ. ಅವರ ಕಣ್ಣು ಅವರಿಗೆ ವಾಪಸ್ ಕೊಟ್ಟು ಬಾ."

ಮಗಳು ಸಣ್ಣ ದನಿಯಲ್ಲಿ ಕೇಳಿದಳು. "ಅಮ್ಮ, ನನ್ನ ಪ್ರಬಂಧ ಗೋಡೆ ಮೇಲಿದೆ. ಆ ದುಂಡು ಕಾಲರಿನ ಹುಡುಗಿ ಇರ್ಲೇ ಇಲ್ವಾ?"

"ಇಲ್ಲ ಮರಿ."

ಮಗಳು ತಟ್ಟೆ ಎತ್ತಿಕೊಂಡು ಅಜ್ಜಿಯ ಪಕ್ಕಕ್ಕೆ ಹೋಗಿ ಕೂತಳು.

ಭಾನುವಾರ ಸೊಸೆ ಯಜಮಾನರ ಮನೆಗೆ ಹೋದಳು. ಅವರ ಹೆಂಡತಿ ಚಹಾ ತಂದು ಮುಂದಿಟ್ಟಳು. ಸೊಸೆ ತುಂಡನ್ನು ಮೇಜಿನ ಮೇಲೆ ಮಗುಚಿ ಇಟ್ಟಳು, ಒಳಮೈ ಮೇಲಾಗಿ. ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿದರು. ಒಂದರ ಮೇಲೊಂದು ಕೂರಿಸಿದ ಎರಡು ಬಿಳಿ ಸೊನ್ನೆ.

"ಬಾ ಇಲ್ಲಿ," ಎಂದು ಹೆಂಡತಿಯ ಕೈ ಹಿಡಿದೆಳೆದರು. "ಓದು ಇದನ್ನ. ಏನು ಬರೆದಿದೆ ಓದು."

"ಎಂಟು," ಅಂದಳು ಹೆಂಡತಿ.

"ಎಂಟು. ನಾನು ಹೇಳ್ಲಿಲ್ವಾ ಕತ್ತರಿಸಿದ ನೆನಪಿದೆ ಅಂತ?" ಅವರು ನಕ್ಕರು, ಆ ಸೊನ್ನೆಗಳ ಮೇಲೆ ಬೆರಳಾಡಿಸಿದರು, ಮತ್ತೆ ನಕ್ಕರು. ಅವರು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಸಂತೋಷ ನೋಡಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹೇಗಾಯಿತೆಂದು ಅವಳು ಹೇಳಿ ಮುಗಿಸುವವರೆಗೆ ಹೆಂಡತಿ ನಿಂತೇ ಕೇಳಿದಳು. ಆಮೇಲೆ, ಸೊಸೆ ಇನ್ನೂ ಮುಟ್ಟಿರದ ಚಹಾದ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗೆ ಚಹಾ ಸುರಿದದ್ದು ಹೊರಗೆ ಕೇಳಿಸಿತು.

ಯಜಮಾನರು ಪಟ್ಟಿಯ ಅಂಚನ್ನು ಬೆಳಕಿಗೆ ಹಿಡಿದಿದ್ದರು. "ಈ ಕತ್ತರಿ ಯಾರದು? ನಿಂದಲ್ಲ. ನೀನು ಕತ್ತರಿ ಕೊಡುವಾಗ ಎಳೀತೀಯ."

"ನಮ್ಮತ್ತೇದು. ಮೂಲೇನೂ ಅವರದೇ."

"ಒಂಬತ್ತೂ ಒಂದೇ ಅಳತೆ," ಅಂದರು ಅವರು. ತುಂಡನ್ನು ಮಡಚಿ ಅವಳ ಕಡೆ ಸರಿಸಿದರು. "ನಾನು ಹೋಗಿ ಯಾರಿಗೂ ಹೇಳಲ್ಲ. ನನಗೆ ಇಷ್ಟು ಸಾಕು. ಆದ್ರೆ ಆ ಪುಸ್ತಕದಲ್ಲಿ ಎಂಟು ಹೊಡೆದುಹಾಕಿ ಏಳು ಅಂತ ತಿದ್ದಿದಾರೆ. ಅದನ್ನ ಸರಿ ಮಾಡ್ಸೋದು ನಿನ್ನ ಕೆಲಸ."

ಸೋಮವಾರ ಲೈನ್ ಶುರುವಾಗುವ ದಿನ. ಅತ್ತೆ ಬೆಳಗ್ಗೆಯೇ ಎದ್ದು ಡಬ್ಬಿಗೆ ಊಟ ತುಂಬಿದಳು. ಸೊಸೆ ತುಂಡನ್ನು ಚೀಲದೊಳಗೆ ಇಡಹೊರಟಾಗ ಕೈ ಹಿಡಿದಳು. "ಚೀಲದಲ್ಲಿ ಬೇಡ. ಕೈಯಲ್ಲಿ ಹಿಡ್ಕೊಂಡು ಹೋಗು." ಗಂಡ ತಲೆ ಬಗ್ಗಿಸಿ ಬೂಟು ಕಟ್ಟುತ್ತಿದ್ದ.

ಗೇಟಿನಲ್ಲಿ ಉದ್ದ ಸಾಲು. ಅವಳ ಹಿಂದೆ ನಲವತ್ತು ಜನ ಹೊಸ ಹೆಂಗಸರು. ಅವರಲ್ಲಿ ಒಬ್ಬಳು ಇನ್ನೊಬ್ಬಳಿಗೆ, "ಇವರೇ ಕಣೇ ನಮಗೆ ಕಲಿಸೋರು" ಎಂದು ತೋರಿಸುತ್ತಿದ್ದಳು.

"ಏನು ಮೂಲೆಯಕ್ಕ, ಇವತ್ತು ಕೈಯಲ್ಲೇನೋ?" ಅಂದ ಕಾವಲುಗಾರ.

ಅವಳು ಹೇಳಿದಳು. ಪಕ್ಕದಲ್ಲಿ ಲಾರಿ ಹಿಂದಕ್ಕೆ ಬರುತ್ತಿತ್ತು, ಅವನಿಗೆ ಕೇಳಿಸಲಿಲ್ಲ.

"ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ."

"ಇದನ್ನ ನಾನು ಇಲ್ಲಿಂದ ಕದ್ದುಕೊಂಡು ಹೋಗಿದ್ದೆ," ಅಂದಳು. ಅಷ್ಟರಲ್ಲಿ ಲಾರಿ ನಿಂತಿತ್ತು, ಅವಳ ದನಿ ಸಾಲಿನ ಕೊನೆಯವರೆಗೂ ಹೋಯಿತು. "ಯಜಮಾನ್ರು ಎಂಟೇ ಕತ್ತರಿಸಿದ್ರು. ಮೂಲೆ ಹೊಲಿದಿದ್ದು ನಾನಲ್ಲ, ನಮ್ಮತ್ತೆ. ಸೂಪರ್‌ವೈಸರನ್ನ ಕರೀರಿ."

ಕಾವಲುಗಾರ ತುಂಡನ್ನೂ ಅವಳನ್ನೂ ನೋಡಿದ. ಏನು ಮಾಡಬೇಕೆಂದು ತೋಚದೆ, ಅಭ್ಯಾಸದಂತೆ ಅವಳ ಫೋನಿಗೆ ಸ್ಟಿಕ್ಕರ್ ಅಂಟಿಸಿದ, ಚೀಲ ತಡಕಿದ. ಆಮೇಲೆ ಇಷ್ಟು ದಿನದಲ್ಲಿ ಮೊದಲ ಸಲ ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎಲ್ಲರ ಎದುರಿಗೆ, ಒಂದೊಂದೇ ಬಟ್ಟಲು ಬಿಚ್ಚಿ ನೋಡಿದ. ಕೆಳಗಿನದರಲ್ಲಿ ಅತ್ತೆ ತುಂಬಿದ್ದ ಅನ್ನ ಇನ್ನೂ ಬಿಸಿಯಾಗಿತ್ತು.